ಬಣ್ಣ ನೀರಿನಿಂದ ಹೋಯಿತು ಸರಿ, ಹೋಗಿದ್ದು ಎಲ್ಲಿಗೆ?

ಸಂಪಾದಕರಿಗೆ ನಮಸ್ಕಾರ.

ಅಯಸ್ಕಾಂತಕ್ಕೆ ಅಂಟುವ ಪುಡಿಯಿಂದ ಬಟ್ಟೆ ಬಣ್ಣದ ಕೊಳಕು ನೀರನ್ನು ಶುದ್ಧ ಮಾಡಬಹುದು ಎಂಬ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸಿಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್, ಅದರೊಳಗೆ ಕಬ್ಬಿಣದ ಆಕ್ಸೈಡ್, ಶೇ 99ರಷ್ಟು ಬಣ್ಣ ಮಾಯ. ಓದಿ ನಿಜಕ್ಕೂ ಖುಷಿಯಾಯಿತು. ಆದರೆ ವರದಿ ಅಲ್ಲಿಗೇ ನಿಂತುಬಿಟ್ಟಿತು, ಅದಕ್ಕೇ ಈ ಪತ್ರ. ನಾನು ಒಂದು ಡೈಯಿಂಗ್ ಘಟಕದ ಇಟಿಪಿಯಲ್ಲಿ, ಅಂದರೆ ಕೊಳಕು ನೀರನ್ನು ಶುದ್ಧ ಮಾಡುವ ಜಾಗದಲ್ಲಿ, ಕೆಮಿಸ್ಟ್ ಆಗಿದ್ದೇನೆ. ದಿನಾ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಣ್ಣದ ನೀರಿನ ಬಾಟಲಿಗಳು ಸಾಲಾಗಿ ಬಂದು ಕೂರುತ್ತವೆ. ಒಂದು ದಿನ ಕಡು ನೀಲಿ, ಇನ್ನೊಂದು ದಿನ ಮರೂನ್, ಮತ್ತೊಂದು ದಿನ ಕಪ್ಪು. ನೀವು ಬರೆದಂಥ ಪುಡಿಯನ್ನು ನಾನೂ ಕೈಯಾರೆ ಮಾಡಿ ನೋಡಿದ್ದೇನೆ.

ಮಾಡುವುದು ಅಂಥ ಕಷ್ಟವಲ್ಲ. ಕಬ್ಬಿಣದ ಎರಡು ಬಗೆಯ ಲವಣ ಬೇಕು. ಫೆರಸ್ ಒಂದು ಪಾಲು, ಫೆರಿಕ್ ಎರಡು ಪಾಲು. ನೀರಿನಲ್ಲಿ ಕರಗಿಸಿ, ಕಲಕುತ್ತಾ ಅಮೋನಿಯಾ ಸುರಿದರೆ ಕಿತ್ತಳೆ ಬಣ್ಣದ ನೀರು ಕಣ್ಣೆದುರೇ ಕಾಡಿಗೆಯಷ್ಟು ಕಪ್ಪಾಗುತ್ತದೆ. ಅದೇ ಮ್ಯಾಗ್ನಟೈಟ್. ಫ್ರಾನ್ಸಿನ ರೆನೆ ಮಸಾರ್ 1981ರಲ್ಲಿ ಪ್ರಕಟಿಸಿದ ದಾರಿ ಇದು, ಇವತ್ತಿಗೂ ಬಹಳ ಲ್ಯಾಬುಗಳು ಇದನ್ನೇ ಹಿಡಿಯುತ್ತವೆ. ಕೈಟೋಸಾನನ್ನು ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಈ ಕಪ್ಪು ಪುಡಿ ಬೆರೆಸಿ, ಕಾಸ್ಟಿಕ್ ಸೋಡಾ ನೀರಿಗೆ ಸಿರಿಂಜಿನಿಂದ ಹನಿ ಹನಿಯಾಗಿ ಬಿಡಬೇಕು. ಬಿದ್ದ ಪ್ರತಿ ಹನಿಯೂ ಗುಂಡಗೆ ಗಟ್ಟಿಯಾಗಿ ಸಾಸಿವೆಗಿಂತ ತುಸು ದೊಡ್ಡ ಕಪ್ಪು ಮಣಿಯಾಗಿ ತಳಕ್ಕೆ ಇಳಿಯುತ್ತದೆ. ತೊಳೆದು, ಆಮ್ಲದಲ್ಲಿ ಕರಗದಂತೆ ಹೆಣೆದು (ಅದರ ಮಾತು ಮುಂದೆ), ಒಣಗಿಸಿ ಅರೆದರೆ ಪುಡಿ ರೆಡಿ.

ಮೊದಲ ಸಲ ನೋಡಿದವರು ಯಾರೂ ಆ ದೃಶ್ಯ ಮರೆಯುವುದಿಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ಲೀಟರಿಗೆ 50 ಮಿಲಿಗ್ರಾಂ ಕೆಂಪು ರಿಯಾಕ್ಟಿವ್ ಡೈ (ಹತ್ತಿ ಬಟ್ಟೆಗೆ ಹಾಕುವ ಬಣ್ಣ) ಕರಗಿಸಿ, ಆಮ್ಲ ಹಾಕಿ ಪಿಎಚ್ (ಆಮ್ಲ, ಕ್ಷಾರ ಹೇಳುವ ಅಂಕಿ; 7ಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) 4ಕ್ಕೆ ತಂದು, ಒಂದು ಚಮಚ ಪುಡಿ ಹಾಕಿ ಕಲಕಿದೆ. ಒಂದು ಗಂಟೆ ಕಳೆದ ಮೇಲೆ ಬೀಕರಿನ ಪಕ್ಕಕ್ಕೆ ಅಯಸ್ಕಾಂತ ಹಿಡಿದೆ. ಬೀಕರ್ ತುಂಬಾ ಮಸಿಯಂತೆ ತೇಲುತ್ತಿದ್ದ ಪುಡಿ ನಿಧಾನಕ್ಕೆ ಒಂದೇ ಕಡೆ ಸರಿಯತೊಡಗಿತು, ಗಾಜಿಗೆ ದಪ್ಪನೆ ಮೀಸೆಯ ಹಾಗೆ ಅಂಟಿಕೊಂಡಿತು, ಉಳಿದ ನೀರಿನ ಆಚೆಗೆ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಅಂಕಿಗಳು ಕಾಣತೊಡಗಿದವು. ಫಿಲ್ಟರ್ ಪೇಪರ್ ಬೇಡ, ಸೆಂಟ್ರಿಫ್ಯೂಜ್ ಬೇಡ, ಸುಮ್ನೆ ನೀರು ಬಗ್ಗಿಸಿಕೊಂಡರೆ ಸಾಕು.

ಅಯಸ್ಕಾಂತ ಬೇಕಾಗುವುದೇ ಇದಕ್ಕೆ. ಬಣ್ಣ ಹಿಡಿಯುವುದು ಮುಖ್ಯವಾಗಿ ಕೈಟೋಸಾನ್, ಕಬ್ಬಿಣ ಇರುವುದು ಪುಡಿಯನ್ನು ವಾಪಸ್ ಪಡೆಯಲು. ಬಣ್ಣ ಹೀರುವ ಪುಡಿ ಹೊಸದೇನಲ್ಲ. ಗರಗಸದ ಹೊಟ್ಟು, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ತೆಂಗಿನ ನಾರು, ಕಡಲ ಪಾಚಿ, ಯಾವುದನ್ನು ಹಾಕಿದರೂ ಒಂದಷ್ಟು ಬಣ್ಣ ಅಂಟಿಕೊಳ್ಳುತ್ತದೆ. ತೊಂದರೆ ಏನೆಂದರೆ ಪುಡಿ ನುಣ್ಣಗಿದ್ದಷ್ಟೂ ಬಣ್ಣ ಜಾಸ್ತಿ ಹಿಡಿಯುತ್ತದೆ, ಆದರೆ ನುಣ್ಣಗಿದ್ದಷ್ಟೂ ನೀರಿನಿಂದ ಬೇರೆಯಾಗುವುದಿಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ತಳಕ್ಕೆ ಕೂರಲು ಗಂಟೆಗಟ್ಟಲೆ ಬೇಕು. ಮ್ಯಾಗ್ನಟೈಟ್ ಕಣ ಸುಮಾರು 20 ನ್ಯಾನೋಮೀಟರಿಗಿಂತ ಸಣ್ಣದಾದರೆ ಅದಕ್ಕೆ ಒಂದು ಒಳ್ಳೆಯ ಗುಣ ಬರುತ್ತದೆ. ಹತ್ತಿರ ಅಯಸ್ಕಾಂತ ಇದ್ದಾಗ ಮಾತ್ರ ಅದು ಎಳೆತಕ್ಕೆ ಸಿಗುತ್ತದೆ, ಅಯಸ್ಕಾಂತ ತೆಗೆದ ಕೂಡಲೇ ಸುಮ್ಮನಾಗುತ್ತದೆ. ಹಾಗಾಗಿ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಉಂಡೆಗಟ್ಟುವುದು ಕಡಿಮೆ, ಮತ್ತೆ ನೀರಿಗೆ ಹಾಕಿದರೆ ಹರಡಿಕೊಳ್ಳುತ್ತವೆ.

ಇಷ್ಟು ಚೆನ್ನಾಗಿರುವ ವಸ್ತುವಿನ ಬಗ್ಗೆ ತಕರಾರು ಏಕೆ ಅಂತ ನೀವು ಕೇಳಬಹುದು.

ಮಾರನೆಯ ದಿನ ಅದೇ ಪುಡಿಯನ್ನು ನಮ್ಮ ಡೈ ಹೌಸಿನ ನಿಜವಾದ ನೀರಿಗೆ ಹಾಕಿದೆ. ಆಗಷ್ಟೇ ಮೆಷಿನ್‌ನಿಂದ ಬಿಟ್ಟ ಬಾತ್, ಅಂದರೆ ಬಟ್ಟೆ ಅದ್ದಿದ್ದ ಬಣ್ಣದ ನೀರು, ಬಕೆಟ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ತಣ್ಣಗಾದ ಮೇಲೆ ಪಿಎಚ್ ನೋಡಿದರೆ ಹತ್ತೂವರೆಯ ಮೇಲೆ. ಪುಡಿ ಹಾಕಿದೆ, ಕಲಕಿದೆ, ಗಂಟೆ ಕಾದೆ. ಅಯಸ್ಕಾಂತ ಹಿಡಿದಾಗ ಪುಡಿಯೇನೋ ಪಕ್ಕಕ್ಕೆ ಬಂತು, ಬಣ್ಣ ಮಾತ್ರ ನೀರಿನಲ್ಲೇ ಉಳಿಯಿತು. ಕಾಲು ಭಾಗವೂ ಇಳಿದಿರಲಿಲ್ಲ. ಸರಿ, ಪಿಎಚ್ ಇಳಿಸೋಣ ಅಂತ ಆಮ್ಲ ಹಾಕಿದೆ. ಬಾತ್‌ನಲ್ಲಿ ಸೋಡಾ ಆಶ್ ಎಂಬ ಕ್ಷಾರ ತುಂಬಿರುತ್ತದಲ್ಲ, ಬುಸ್ಸೆಂದು ನೊರೆ ಎದ್ದು ಬೀಕರ್ ಉಕ್ಕಿ ಮೇಜಿನ ಮೇಲೆಲ್ಲ ಕೆಂಪಾಯಿತು. ಹನಿ ಹನಿಯಾಗಿ ಹಾಕುತ್ತಾ ಹೋದರೂ ಎಷ್ಟು ಆಮ್ಲ ಕುಡಿಯಿತು ಆ ನೀರು! ಹಾಕಿದ ಪ್ರತಿ ಹನಿ ಆಮ್ಲವೂ ಕೊನೆಗೆ ಉಪ್ಪಾಗಿ ನೀರಿನಲ್ಲೇ ಉಳಿಯುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನಂಶ) ಇಳಿಸಲು ಒದ್ದಾಡುವ ನಮಗೆ ಅದು ಇನ್ನೊಂದು ತಲೆನೋವು.

ಹೀಗೇಕಾಯಿತು ಎನ್ನುವುದು ಮುಖ್ಯ. ಕೈಟೋಸಾನಿನಲ್ಲಿ ಅಮೀನ್ ಗುಂಪುಗಳಿವೆ. ಆಮ್ಲದ ನೀರಿನಲ್ಲಿ ಅವು ಧನ ವಿದ್ಯುದಂಶ ಪಡೆಯುತ್ತವೆ. ರಿಯಾಕ್ಟಿವ್ ಬಣ್ಣ ಋಣ ವಿದ್ಯುದಂಶದ್ದು. ಎರಡೂ ಒಂದನ್ನೊಂದು ಸೆಳೆಯುತ್ತವೆ, ಬಣ್ಣ ಅಂಟುತ್ತದೆ. ಪಿಎಚ್ ಆರೂವರೆ ದಾಟುತ್ತಾ ಹೋದಂತೆ ಅಮೀನ್ ತನ್ನ ವಿದ್ಯುದಂಶ ಕಳೆದುಕೊಳ್ಳುತ್ತದೆ, ಸೆಳೆತವೂ ಹೋಗುತ್ತದೆ. ಹತ್ತರ ಮೇಲೆ ಅಂಟಿದ ಬಣ್ಣವೂ ಬಿಟ್ಟುಕೊಳ್ಳುತ್ತದೆ. ಬಳಸಿದ ಪುಡಿಯಿಂದ ಬಣ್ಣ ಬಿಡಿಸಿ ಮತ್ತೆ ಉಪಯೋಗಿಸಲು ಲ್ಯಾಬಿನವರು ಅದನ್ನು ತೊಳೆಯುವುದು ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ನೀರಿನಲ್ಲಿ. ಡೈ ಹೌಸಿನಿಂದ ಬರುವುದೂ ಅಂಥದೇ ಕ್ಷಾರದ ನೀರು. ಅಂದರೆ ಪುಡಿಯಿಂದ ಬಣ್ಣ ಬಿಡಿಸಲು ಯಾವ ಸ್ಥಿತಿ ಬೇಕೋ, ಆ ಸ್ಥಿತಿಯ ನೀರಿನಿಂದಲೇ ಬಣ್ಣ ಹಿಡಿ ಅಂತ ನಾವು ಪುಡಿಗೆ ಹೇಳುತ್ತಿದ್ದೇವೆ. ಇದಕ್ಕೆ ದಾರಿ ಇಲ್ಲವೆಂದಲ್ಲ. ಪಿಎಚ್ ಎಷ್ಟೇ ಇದ್ದರೂ ಧನ ವಿದ್ಯುದಂಶ ಬಿಡದ ಕ್ವಾಟರ್ನರಿ ಅಮೋನಿಯಂ ಗುಂಪುಗಳನ್ನು ಕೈಟೋಸಾನಿಗೆ ಜೋಡಿಸುವ ಕೆಲಸ ನಡೆದಿದೆ, ಅದು ಒಳ್ಳೆಯ ದಿಕ್ಕು. ಆದರೆ ವರದಿಯಲ್ಲಿ ಶೇ 99 ಎಂದು ಬರೆಯುವಾಗ ಯಾವ ಪಿಎಚ್‌ನಲ್ಲಿ ಎಂದು ಒಂದು ಪದ ಸೇರಿಸಬೇಕಲ್ವಾ?

ಉಪ್ಪಿನ ಕತೆ ಬೇರೆ. ಹತ್ತಿ ಬಟ್ಟೆಗೆ ಗಾಢ ಶೇಡ್ ಕೊಡಬೇಕಾದರೆ ಬಾತ್‌ಗೆ ಲೀಟರಿಗೆ 50ರಿಂದ 80 ಗ್ರಾಂ ಉಪ್ಪು ಅಥವಾ ಗ್ಲಾಬರ್ ಸಾಲ್ಟ್ (ಸೋಡಿಯಂ ಸಲ್ಫೇಟ್) ಹಾಕುತ್ತಾರೆ. ಬಣ್ಣ ಬಟ್ಟೆಯ ಕಡೆ ಸರಿಯಲಿ ಅಂತ. ತೊಳೆದ ನೀರೆಲ್ಲ ಸೇರಿ ಅದು ತೆಳುವಾದರೂ ನಮ್ಮ ಟ್ಯಾಂಕಿಗೆ ಬರುವಾಗ ಉಪ್ಪು ಸಾಕಷ್ಟು ಇರುತ್ತದೆ. ಪುಡಿಯಲ್ಲಿ ಬಣ್ಣ ಕೂರಬೇಕಾದ ಜಾಗಕ್ಕೆ ಸಲ್ಫೇಟ್, ಕ್ಲೋರೈಡ್ ಎಲ್ಲ ಪೈಪೋಟಿಗೆ ಬರುತ್ತವೆ. ಅದರ ಮೇಲೆ ಸೋಪು, ಬಟ್ಟೆಯ ಗಂಜಿ, ಎಣ್ಣೆ, ಸಾಫ್ಟ್‌ನರ್. ಬೀಕರಿನಲ್ಲಿ ಬಣ್ಣ ಒಂದೇ ಇತ್ತು, ಇಲ್ಲಿ ಸಂತೆಯೇ ಇದೆ.

ಇನ್ನೊಂದು ವಿಷಯ. ಇಂಥ ಪ್ರಯೋಗಗಳಲ್ಲಿ ತುಂಬಾ ಸಲ ಬಳಸುವ ಬಣ್ಣ ಮೆಥಿಲೀನ್ ಬ್ಲೂ. 1876ರಲ್ಲಿ ಜರ್ಮನಿಯ ಹೈನ್ರಿಶ್ ಕಾರೋ ತಯಾರಿಸಿದ ಬಣ್ಣ ಅದು. ಸುಲಭವಾಗಿ ಸಿಗುತ್ತದೆ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯುವುದೂ ಸುಲಭ. ಆದರೆ ಅದು ಧನ ವಿದ್ಯುದಂಶದ ಬಣ್ಣ, ಹೊಟ್ಟು ನಾರುಗಳಂಥ ವಸ್ತುಗಳ ಮೇಲ್ಮೈ ಸಾಮಾನ್ಯವಾಗಿ ಋಣ, ಹಾಗಾಗಿ ಯಾವ ಹೊಟ್ಟು ಹಾಕಿದರೂ ಚೆನ್ನಾಗಿಯೇ ಅಂಟುತ್ತದೆ. ಹತ್ತಿ ಬಟ್ಟೆಯ ಡೈ ಹೌಸಿಗೆ ನಿಜವಾದ ಕಾಟ ಕೊಡುವುದು ರಿಯಾಕ್ಟಿವ್ ಬಣ್ಣ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಲಂ (ಪಟಿಕ) ಮತ್ತು ಪಾಲಿ (ಕಣಗಳನ್ನು ಒಟ್ಟುಗೂಡಿಸುವ ಪಾಲಿಮರ್) ಹಾಕಿದರೆ ಬಹುಪಾಲು ಕೆಳಗೆ ಕೂರುತ್ತದೆ. ರಿಯಾಕ್ಟಿವ್ ಹಾಗಲ್ಲ, ಸಕ್ಕರೆಯ ಹಾಗೆ ಕರಗಿ ಕೂತಿರುತ್ತದೆ. ಮೆಥಿಲೀನ್ ಬ್ಲೂ ತೆಗೆದ ಪುಡಿ ರಿಯಾಕ್ಟಿವ್ ಬ್ಲ್ಯಾಕನ್ನೂ ತೆಗೆಯುತ್ತದೆ ಅಂತ ಅಂದುಕೊಳ್ಳುವ ಹಾಗಿಲ್ಲ.

ರಿಯಾಕ್ಟಿವ್ ಬಣ್ಣ ಮಾರುಕಟ್ಟೆಗೆ ಬಂದಿದ್ದು 1956ರಲ್ಲಿ. ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮೊದಲ ಕೃತಕ ಬಣ್ಣ ಮಾಡಿ ಸರಿಯಾಗಿ ನೂರು ವರ್ಷಕ್ಕೆ. ಅದು ನೂಲಿನ ಮೇಲೆ ಸುಮ್ನೆ ಕೂರುವುದಿಲ್ಲ, ನೂಲಿನ ಜೊತೆ ರಾಸಾಯನಿಕ ಬಂಧವನ್ನೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಎಷ್ಟು ಒಗೆದರೂ ಬಣ್ಣ ಹೋಗುವುದಿಲ್ಲ. ಆದರೆ ಬಾತ್‌ಗೆ ಹಾಕಿದ ಬಣ್ಣವೆಲ್ಲ ಬಟ್ಟೆಗೆ ಹೋಗುವುದಿಲ್ಲ. ಬಣ್ಣದ ಜಾತಿ ನೋಡಿ ನೂರಕ್ಕೆ 60ರಿಂದ 90 ಪಾಲು ಹಿಡಿದರೆ ಉಳಿದದ್ದು ನೀರಿನ ಜೊತೆ ಬಂಧ ಕಟ್ಟಿಕೊಂಡು ಕೆಲಸಕ್ಕೆ ಬಾರದಾಗುತ್ತದೆ. ಪುಡಿಯಿಂದ ಬಿಡಿಸಿದ ಬಣ್ಣವನ್ನು ಮತ್ತೆ ಬಟ್ಟೆಗೆ ಬಳಸಬಹುದು ಅಂತ ಕೆಲವರು ಹೇಳುತ್ತಾರೆ. ಈ ಜಾತಿಯ ಬಣ್ಣದಲ್ಲಿ ಅದು ಆಗದ ಮಾತು. ಬಟ್ಟೆಗೆ ಕೈ ಕೊಡುವ ತುದಿಯೇ ಕಳೆದುಹೋಗಿರುತ್ತದೆ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅಡ್ಸಾರ್ಪ್ಷನ್ ಬಣ್ಣವನ್ನು ನಾಶ ಮಾಡುವುದಿಲ್ಲ. ನೀರಿನಲ್ಲಿದ್ದದ್ದನ್ನು ಪುಡಿಯ ಮೈಮೇಲೆ ಕೂರಿಸುತ್ತದೆ, ಅಷ್ಟೇ. ಒಂದು ಸಣ್ಣ ಲೆಕ್ಕ ಹಾಕಿ. ದಿನಕ್ಕೆ 1 ಲಕ್ಷ ಲೀಟರ್ ನೀರು, ಲೀಟರಿಗೆ 200 ಮಿಲಿಗ್ರಾಂ ಬಣ್ಣ ಅಂತಿಟ್ಟುಕೊಳ್ಳಿ. ಅದರಲ್ಲಿ 20 ಕಿಲೋ ಬಣ್ಣ ಇರುತ್ತದೆ. ಪುಡಿ ಗ್ರಾಂಗೆ 100 ಮಿಲಿಗ್ರಾಂ ಹಿಡಿಯುತ್ತದೆ ಎಂದುಕೊಂಡರೆ ದಿನಕ್ಕೆ 200 ಕಿಲೋ ಪುಡಿ ಬೇಕು. ದಿನಕ್ಕೆ! ಸಂಜೆ ಹೊತ್ತಿಗೆ ಬಣ್ಣ ತುಂಬಿದ ಒದ್ದೆ ಕಪ್ಪು ರಾಡಿ ನೂರಾರು ಕಿಲೋ. ಅದನ್ನು ಎಲ್ಲಿಡುವುದು? ತೊಳೆದು ಮತ್ತೆ ಬಳಸುತ್ತೇವೆ ಎನ್ನುತ್ತಾರೆ, ಸರಿ. ತೊಳೆದ ಕಾಸ್ಟಿಕ್ ನೀರಿನಲ್ಲಿ ಅದೇ 20 ಕಿಲೋ ಬಣ್ಣ ಈಗ ಇನ್ನೂ ದಟ್ಟವಾಗಿ ಕೂತಿದೆ. ಆ ಡ್ರಮ್ ಎಲ್ಲಿಗೆ ಹೋಗುತ್ತದೆ? ಐದು ಸಲ ತೊಳೆದ ಮೇಲೂ ಪುಡಿ ಇಷ್ಟು ಶೇಕಡಾ ಕೆಲಸ ಮಾಡಿತು ಎಂಬ ಗ್ರಾಫ್ ಎಷ್ಟೋ ಕಡೆ ನೋಡಿದ್ದೇನೆ, ತೊಳೆದ ನೀರನ್ನು ಏನು ಮಾಡಿದರು ಎಂಬ ಸಾಲು ಹುಡುಕಿದರೂ ಸಿಗುವುದು ಅಪರೂಪ.

ಈ ಪ್ರಶ್ನೆಗೆ ಒಂದು ಉತ್ತರ ಪುಡಿಯೊಳಗೇ ಇದೆ, ಅದೇ ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು. ಮ್ಯಾಗ್ನಟೈಟ್‌ನಲ್ಲಿರುವ ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಅಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಣ್ಣದ ಅಣುವನ್ನೇ ಕಡಿದು ತುಂಡು ಮಾಡುತ್ತದೆ. ಕಬ್ಬಿಣ ಮತ್ತು ಪೆರಾಕ್ಸೈಡಿನ ಈ ಜೋಡಿಯನ್ನು ಹೆನ್ರಿ ಫೆಂಟನ್ 1894ರಲ್ಲೇ ತೋರಿಸಿದ್ದರು. ದೊಡ್ಡ ಟ್ಯಾಂಕಿನ ನೀರಿಗೆಲ್ಲ ಪೆರಾಕ್ಸೈಡ್ ಸುರಿಯುವ ಬದಲು, ಬಣ್ಣವನ್ನು ಮೊದಲು ಪುಡಿಯ ಮೇಲೆ ಒಟ್ಟು ಮಾಡಿ, ಪುಡಿಯನ್ನು ಅಯಸ್ಕಾಂತದಿಂದ ಎಳೆದು ಸಣ್ಣ ತೊಟ್ಟಿಗೆ ತಂದು, ಅಲ್ಲಿ ಬಣ್ಣ ಮುರಿದರೆ ಖರ್ಚೂ ಕಡಿಮೆ, ಉಳಿಯುವ ವಿಷವೂ ಕಡಿಮೆ. ಪೆರಾಕ್ಸೈಡ್ ಕೈಟೋಸಾನನ್ನೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ ಎಂಬ ತೊಡಕಿದೆ. ಹಾಗಾದರೆ ಕೈಟೋಸಾನ್ ಬದಲು ಹೊಟ್ಟು, ಸಿಪ್ಪೆಯನ್ನು ಕಬ್ಬಿಣದ ಲವಣದಲ್ಲಿ ನೆನೆಸಿ ಗಾಳಿ ಇಲ್ಲದೆ ಸುಟ್ಟು ಮಾಡುವ ಇದ್ದಿಲು, ಮ್ಯಾಗ್ನೆಟಿಕ್ ಬಯೋಚಾರ್, ಈ ಕೆಲಸಕ್ಕೆ ಗಟ್ಟಿ. ನನ್ನ ಕೇಳಿದರೆ ಡೈ ಹೌಸಿಗೆ ಹೊಂದುವುದು ಅದೇ.

ಬಣ್ಣ ಎಲ್ಲಿಗೆ ಹೋಯಿತು ಅಂತ ಇಷ್ಟು ಹಟ ಹಿಡಿದು ಕೇಳುವುದಕ್ಕೆ ಕಾರಣವಿದೆ. ಬಟ್ಟೆಯ ಬಣ್ಣಗಳಲ್ಲಿ ದೊಡ್ಡ ಗುಂಪು ಅಜೋ ಬಣ್ಣಗಳದ್ದು. ಬಿಸಿಲಿಗೆ, ಸೋಪಿಗೆ, ಬೆವರಿಗೆ ಜಗ್ಗಬಾರದು ಅಂತಲೇ ಅವನ್ನು ಕಟ್ಟಿರುತ್ತಾರೆ, ಹಾಗಾಗಿ ನೀರಿನ ಬ್ಯಾಕ್ಟೀರಿಯಾಗಳಿಗೂ ಅವು ಬೇಗ ಜಗ್ಗುವುದಿಲ್ಲ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಸಿಕ್ಕಿಕೊಂಡಾಗ ಹೆಚ್ಚಾಗಿ ಮುರಿಯುತ್ತವೆ. ಮುರಿದಾಗ ಆರೋಮ್ಯಾಟಿಕ್ ಅಮೀನ್ ಹುಟ್ಟುತ್ತದೆ. ಅವುಗಳಲ್ಲಿ ಬೆಂಜಿಡಿನ್ ಎಂಬುದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತ. ಕಾಂಗೋ ರೆಡ್ ಎಂಬ ಹಳೆಯ ಬಣ್ಣ ಕಟ್ಟಿರುವುದು ಆ ಬೆಂಜಿಡಿನ್ ಮೇಲೆಯೇ, ಲ್ಯಾಬುಗಳಲ್ಲಿ ಪುಡಿಯ ಪರೀಕ್ಷೆಗೆ ಇವತ್ತಿಗೂ ಅದನ್ನು ಬಳಸುತ್ತಾರೆ. ಬಣ್ಣ ಹೊತ್ತ ಪುಡಿಯನ್ನು ತೆಗೆದುಕೊಂಡು ಹೋಗಿ ಯಾವುದೋ ಗುಂಡಿಗೆ ಸುರಿದರೆ ಆ ಕೆಸರು ಮಾಡುವ ಕೆಲಸವನ್ನೇ ನಾವು ಮಾಡಿಕೊಟ್ಟಂತೆ.

ಜೈವಿಕ ವಸ್ತು ಎಂದ ಕೂಡಲೇ ಎಲ್ಲವೂ ಸಾತ್ವಿಕ ಎಂದು ಓದುಗರಿಗೆ ಅನಿಸುತ್ತದೆ. ಚಿಪ್ಪಿನಿಂದ ಕೈಟೋಸಾನ್ ಮಾಡಬೇಕಾದರೆ ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣ ಕರಗಿಸಬೇಕು, ಕಾಸ್ಟಿಕ್‌ನಲ್ಲಿ ಪ್ರೋಟೀನ್ ತೆಗೆಯಬೇಕು, ಆಮೇಲೆ ನೂರಕ್ಕೆ 40, 50ರಷ್ಟು ದಟ್ಟವಾದ ಬಿಸಿ ಕಾಸ್ಟಿಕ್‌ನಲ್ಲಿ ಬೇಯಿಸಬೇಕು. ಅದು ಆಮ್ಲದಲ್ಲಿ ಕರಗಿಹೋಗಬಾರದು ಅಂತ ಗ್ಲುಟರಾಲ್ಡಿಹೈಡ್ ಹಾಕಿ ಹೆಣೆಯುತ್ತಾರೆ, ಅದೂ ವಿಷವೇ. ಗಾರ್ಡೇನಿಯಾ ಗಿಡದ ಕಾಯಿಯಿಂದ ಬರುವ ಜೆನಿಪಿನ್ ಅದಕ್ಕಿಂತ ವಾಸಿ. ಈ ಪುಡಿ ಮಾಡುವಾಗ ಹೊರಬರುವ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಇಷ್ಟೇ ನನ್ನ ಮಾತು.

ಅಯಸ್ಕಾಂತದ ಬಗ್ಗೆಯೂ ಒಂದು ಮಾತು. ಅದರ ಎಳೆತ ದೂರ ಹೋದಂತೆ ಭರ‍್ರನೆ ಇಳಿದುಬಿಡುತ್ತದೆ. ಒಂದು ಗೇಣು ಆಚೆಗೆ ಪುಡಿ ಕದಲುವುದೇ ಇಲ್ಲ. ಬೀಕರಿನಲ್ಲಿ ಆದದ್ದು ಟ್ಯಾಂಕಿನಲ್ಲಿ ತಾನಾಗಿ ಆಗುವುದಿಲ್ಲ. ಆದರೆ ಇದು ಬಗೆಹರಿಯದ ಸಮಸ್ಯೆಯಲ್ಲ. ಜೇಡಿಮಣ್ಣಿನ ಉದ್ಯಮದಲ್ಲಿ ಕಬ್ಬಿಣದ ಕಲೆ ತೆಗೆಯಲು, ಬಲವಾದ ಕಾಂತಕ್ಷೇತ್ರದ ನಡುವೆ ಉಕ್ಕಿನ ಎಳೆಗಳ ಸಿಕ್ಕು ಇಟ್ಟು ಅದರ ಮೂಲಕ ಮಣ್ಣು ಕಲಸಿದ ನೀರನ್ನು ಹಾಯಿಸುವ ಯಂತ್ರಗಳು 1970ರ ದಶಕದಿಂದಲೇ ಇವೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಸಿರೋಫ್ಲಾಕ್ ಎಂಬ ವಿಧಾನದಲ್ಲಿ ಮ್ಯಾಗ್ನಟೈಟ್ ಪುಡಿಯಿಂದಲೇ ಕುಡಿಯುವ ನೀರಿನ ಬಣ್ಣ ತೆಗೆದು, ಆ ಪುಡಿಯನ್ನು ಕಾಸ್ಟಿಕ್‌ನಲ್ಲಿ ತೊಳೆದು ಮತ್ತೆ ಮತ್ತೆ ಬಳಸಿ ತೋರಿಸಿತು. ಅಲ್ಲಿನ ಮೌಂಟ್ ಪ್ಲೆಸೆಂಟ್ ಎಂಬಲ್ಲಿ 2001ರಲ್ಲಿ ಅಯಸ್ಕಾಂತ ಗುಣದ ರಾಳದ ಮಣಿಗಳಿಂದ ನೀರು ಶುದ್ಧ ಮಾಡುವ ಘಟಕ ಶುರುವಾಯಿತು. ಅಂದರೆ ದೊಡ್ಡ ಪ್ರಮಾಣದಲ್ಲಿ ಇದು ಆಗುವ ಕೆಲಸವೇ. ಅಲ್ಲಿ ತೆಗೆಯುತ್ತಿದ್ದದ್ದು ಎಲೆ ಮಣ್ಣು ಕೊಳೆತು ಬರುವ ತೆಳು ಬಣ್ಣ, ನಮ್ಮದು ಡೈ ಬಾತ್, ವ್ಯತ್ಯಾಸ ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಈ ಪುಡಿಯ ಜಾಗ ಇಟಿಪಿಯ ಬಾಗಿಲಲ್ಲಲ್ಲ, ಕೊನೆಯಲ್ಲಿ. ಬಯಾಲಜಿ ಟ್ಯಾಂಕ್ (ಬ್ಯಾಕ್ಟೀರಿಯಾಗಳು ಕೊಳೆ ತಿನ್ನುವ ತೊಟ್ಟಿ) ದಾಟಿ ಬಂದ ನೀರಿನಲ್ಲಿ ಪಿಎಚ್ ಏಳೆಂಟಕ್ಕೆ ಇಳಿದಿರುತ್ತದೆ, ಅಲ್ಲಿಂದ ಇನ್ನೂ ಇಳಿಸಲು ಆಮ್ಲವೂ ಕಡಿಮೆ ಸಾಕು, ಸೋಪು ಗಂಜಿ ಹೋಗಿರುತ್ತದೆ, ಹಟಮಾರಿ ಬಣ್ಣ ಮಾತ್ರ ತೆಳುವಾಗಿ ಉಳಿದಿರುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಕಣ್ಣಿಗೆ ಕಾಣುವ ಬಣ್ಣಗಳಿವೆ. ಅಲ್ಲಿ ಪುಡಿಯೂ ಕಡಿಮೆ ಸಾಕು, ರಾಡಿಯೂ ಕಡಿಮೆ. ಉಪ್ಪನ್ನು ಇದು ತೆಗೆಯುವುದಿಲ್ಲ, ಅದಕ್ಕೆ ಆರ್‌ಒ ಅಥವಾ ನೀರನ್ನು ಆವಿ ಮಾಡುವ ಇವಾಪೊರೇಟರ್ ಬೇಕೇ ಬೇಕು. ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧ ನೀರಲ್ಲ.

ಸಂಪಾದಕರೇ, ಈ ಸಂಶೋಧಕರ ಶ್ರಮವನ್ನು ನಾನು ಕಡಿಮೆ ಅಂದುಕೊಂಡಿಲ್ಲ. ಅವರಿಗೆ ನಿಜವಾದ ನೀರು ಸಿಗುವುದಿಲ್ಲ, ಅದೂ ನನಗೆ ಗೊತ್ತು. ಘಟಕದವರು ಕೊಡಲು ಹೆದರುತ್ತಾರೆ. ನಿಮ್ಮ ವರದಿಗಾರರು ಮತ್ತೊಮ್ಮೆ ಅವರನ್ನು ಮಾತನಾಡಿಸಿದರೆ ದಯವಿಟ್ಟು ಕೇಳಿ: ಪರೀಕ್ಷೆ ಮಾಡಿದ್ದು ಯಾರ ನೀರಿನಲ್ಲಿ, ಪುಡಿ ತೊಳೆದ ನೀರು ಈಗ ಎಲ್ಲಿದೆ, ಹಾಕಿದ ಕಬ್ಬಿಣದಲ್ಲಿ ಎಷ್ಟು ವಾಪಸ್ ಬಂತು, ಎಷ್ಟು ನೀರಿನ ಜೊತೆ ಹೋಯಿತು. ನಿಜವಾದ ನೀರು ಬೇಕೆಂದರೆ ನಿಮ್ಮ ಮೂಲಕ ನನಗೆ ತಿಳಿಸಲಿ, ನಮ್ಮ ಘಟಕದವರನ್ನು ಒಪ್ಪಿಸುವುದು ನನ್ನ ಜವಾಬ್ದಾರಿ. ಕಪ್ಪು ಶೇಡಿನ ಬಾತ್ ಒಂದು ಕ್ಯಾನ್, ಬಯಾಲಜಿ ದಾಟಿದ ನೀರು ಒಂದು ಕ್ಯಾನ್, ಎರಡರ ಮೇಲೂ ಪಿಎಚ್, ಟಿಡಿಎಸ್, ಸಿಒಡಿ (ನೀರಿನ ಕೊಳೆಯ ಅಳತೆ) ಬರೆದು ಚೀಟಿ ಅಂಟಿಸಿ ಕಳಿಸಿಕೊಡುತ್ತೇನೆ.

ಇಂತಿ,
ಇಟಿಪಿ ಕೆಮಿಸ್ಟ್ ಒಬ್ಬ, ನಿಮ್ಮ ಓದುಗ